ಆಗಲಾರದು ಎಂದು ನಾನು ಬರೆದ ನಿಯಮ

ನಾಸಿಕ್‌ನಲ್ಲಿ ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು. ಬೀದರಿನಿಂದ ಬಂದು ಆರು ವರ್ಷವಾಗಿತ್ತು. ಆ ಸಲ ನಮ್ಮ ಕಂಪನಿ ಒಂದು ಟ್ರಸ್ಟಿನ ಕ್ಲಿನಿಕ್‌ಗಳಿಗೆ ಮಕ್ಕಳ ಲಸಿಕೆ ನೋಂದಾಯಿಸುವ ಆ್ಯಪ್ ಮಾಡಿಕೊಟ್ಟಿತ್ತು. ಮಗುವಿನ ವಯಸ್ಸು, ಹುಟ್ಟಿದ ರಾಜ್ಯ, ಎಷ್ಟನೆಯ ಡೋಸ್, ಕರೆತಂದವರು ಯಾರು, ಅವರ ಫೋನ್ ನಂಬರ್. ಒಂದೊಂದಕ್ಕೂ ಹಲವು ಉತ್ತರ. ಎಲ್ಲವನ್ನೂ ಎಲ್ಲದರ ಜೊತೆ ಬೆರೆಸಿ ಪರೀಕ್ಷಿಸಲು ಹೊರಟರೆ ಮುಗಿಯುವ ಮಾತಲ್ಲ. ಯಾವುದೇ ಎರಡು ಉತ್ತರ ಒಮ್ಮೆಯಾದರೂ ಜೊತೆಗೂಡುವಂತೆ ಪರೀಕ್ಷೆಗಳ ಚಿಕ್ಕ ಪಟ್ಟಿ ಮಾಡಿಕೊಡುವ ಪ್ರೋಗ್ರಾಮ್ ಇದೆ. ಯಾವ ಜೋಡಿ ಆಗಲಾರದು ಎಂಬುದನ್ನು ಮಾತ್ರ ನಾವು ಹೇಳಬೇಕು. ಇವತ್ತು ಹುಟ್ಟಿದ ಕೂಸಿಗೆ ಮೂರನೆಯ ಡೋಸ್ ಇರಲಾರದು, ಆ ಸಾಲು ಬೇಡ. ಇಂಥ ನಿಯಮಗಳನ್ನು ಬರೆದವಳು ನಾನು.

ಆ್ಯಪ್ ಶುರುವಾದ ದಿನ ನೋಡಿಬರಲು ನನ್ನನ್ನು ಸಂಭಾಜಿನಗರಕ್ಕೆ ಕಳಿಸಿದರು. ರೈಲು ಮನ್ಮಾಡಿನಲ್ಲಿ ನಿಂತೇಬಿಟ್ಟಿತು. ಕೂರಲಾಗದೆ ಬಾಗಿಲಿಗೆ ಹೋಗಿ ನಿಂತೆ, ಮತ್ತೆ ಬಂದು ಕೂತೆ. ಪರೀಕ್ಷೆಯಲ್ಲಿ ಏನೋ ಬಿಟ್ಟುಹೋಗಿದೆ ಎಂಬ ತಳಮಳ ಪ್ರತಿ ಸಲವೂ ಇರುತ್ತದೆ. ಆ ಬೆಳಿಗ್ಗೆ ಅದು ಹೆಚ್ಚಾಗಿತ್ತು.

ಕ್ಲಿನಿಕ್ಕಿನಲ್ಲಿ ನಾಲ್ಕನೆಯವಳಾಗಿ ಬಂದವಳು ಕಲಬುರಗಿ ಕಡೆಯ ಹೆಂಗಸು. ಹತ್ತಿರದ ಕಟ್ಟಡದ ಕೆಲಸದವಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಕನ್ನಡದ ಲಸಿಕೆ ಕಾರ್ಡು. ನರ್ಸ್ ಹುಟ್ಟಿದ ರಾಜ್ಯ ಕರ್ನಾಟಕ ಎಂದು ಒತ್ತಿದ ಕೂಡಲೇ ಡೋಸ್ ತಾನಾಗಿಯೇ ‘ಮೊದಲನೆಯದು’ ಎಂದಾಯಿತು. ಬದಲಾಯಿಸಿದರೆ ಮತ್ತೆ ಅದೇ.

“ಮೊದಲನೇದ್ದು ಊರಾಗ ಹಾಕ್ಸೀನ್ರಿ. ಇದು ಎರಡನೇದ್ದು” ಎಂದಳು ಆಕೆ.

ನಾನು ಕಾರ್ಡು ಓದಿ ನರ್ಸ್‌ಗೆ ಮರಾಠಿಯಲ್ಲಿ ಹೇಳಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು. “ಆ್ಯಪ್ ಮೊದಲನೆಯದು ಅಂತಿದೆ ಮ್ಯಾಡಮ್. ಕಾರ್ಡಿಗೆ ಹೊಂದದಿದ್ದರೆ ಸೂಜಿ ಹಾಕುವ ಹಾಗಿಲ್ಲ.”

“ಹಂಗಾರ ಇವತ್ತ ಆಗೂದಿಲ್ಲೇನ್ರಿ ಅಕ್ಕಾರ? ಕೆಲಸ ಮಾಡ್ಸೋ ಮುಕಾದಮ್‌ಗ ಹೇಳಿ ಬಿಟ್ಟ ಬಂದೀನಿ” ಎಂದು ನನ್ನ ಮುಖ ನೋಡಿದಳು. ನರ್ಸ್ ಮುಂದಿನವರನ್ನು ಕರೆದರು. ಆಕೆ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಬಿಟ್ಟಳು.

ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಪರೀಕ್ಷೆಯ ಪಟ್ಟಿಗೆಂದು ನಾನು ಬರೆದ ನಿಯಮ ಅಲ್ಲೇ ಇತ್ತು: ಹುಟ್ಟಿದ್ದು ಹೊರರಾಜ್ಯವಾದರೆ ಡೋಸ್ ಮೊದಲನೆಯದೇ. ಹೊರಗಿನಿಂದ ಬಂದ ಮಗು ನಮ್ಮಲ್ಲಿ ಹೊಸದು, ಹೊಸದಾದರೆ ಮೊದಲ ಡೋಸ್ ಎಂದು ಅವಸರದಲ್ಲಿ ಎಣಿಸಿದ್ದೆ. ಪಟ್ಟಿ ಚಿಕ್ಕದಾಯಿತೆಂದು ಖುಷಿಯೂ ಪಟ್ಟಿದ್ದೆ. ಆ ಜೋಡಿಯನ್ನು ಯಾರೂ ಪರೀಕ್ಷಿಸಲೇ ಇಲ್ಲ, ಅಲ್ಲಿ ಆ್ಯಪ್ ಮಾಡುತ್ತಿದ್ದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಕಾರ್ಡು ಹಿಡಿದು ಊರಿಂದ ಊರಿಗೆ ಹೋಗುವವರು ನನಗೆ ಗೊತ್ತಿಲ್ಲದವರೇ?

ನಾಸಿಕ್‌ಗೆ ಫೋನ್ ಮಾಡಿದೆ. “ಹೊರರಾಜ್ಯದವರು ಎಷ್ಟು ಜನ ಬಂದಾರು? ಮುಂದಿನ ವಾರ ನೋಡೋಣ” ಎಂದರು ಟೀಮ್ ಲೀಡ್.

“ನಾನೇ ಹೊರರಾಜ್ಯದವಳು ಸರ್” ಎಂದೆ. “ಸರಿ, ವಿವರ ಕಳಿಸಿ” ಎಂದರು ಅವರು.

ನಿಯಮ ತೆಗೆದು ಪಟ್ಟಿಯನ್ನು ಹೊಸದಾಗಿ ಮಾಡಿ ಓಡಿಸಿದೆ. ಹೊರರಾಜ್ಯಕ್ಕೆ ಎರಡನೆಯ, ಮೂರನೆಯ ಡೋಸ್ ಸೇರಿದ ಎರಡು ಸಾಲು ಫೇಲಾದವು. ವಿವರ ಕಳಿಸಿ ಒಳಗೆ ಹೋದೆ. ಅಷ್ಟರಲ್ಲಿ ನರ್ಸ್ ಹಿರಿಯ ಡಾಕ್ಟರನ್ನು ಕೇಳಿ, ಕಾಗದದ ಮೇಲೆ ದಾಖಲಿಸಿ ಸೂಜಿ ಹಾಕಲು ಒಪ್ಪಿಗೆ ಪಡೆದಿದ್ದರು. ಆ ಹೆಂಗಸನ್ನು ಕರೆತರಲು ನಾನೇ ಹೊರಟೆ. ಮೊದಲ ಕಟ್ಟಡದಲ್ಲಿ ಅವಳಿರಲಿಲ್ಲ. ಎರಡನೆಯದರಲ್ಲಿ ಮರಳು ಜರಡಿ ಹಿಡಿಯುತ್ತಿದ್ದಳು, ಕೂಸು ಸೀರೆಯ ಜೋಳಿಗೆಯಲ್ಲಿ ಮಲಗಿತ್ತು.

“ಬರ್ರಿ, ಈಗ ಹಾಕ್ತಾರ. ತಪ್ಪು ನಂದ ಇತ್ತು” ಎಂದೆ.

“ನಿಮ್ದ್ಯಾಂಗ್ರಿ? ಅದು ಮಷೀನಿನ ತಪ್ಪಲ್ಲೇನ್ರಿ?”

“ಮಷೀನ್ ಸರಿ ಐತಿ ಅಂತ ಹೇಳಿದಾಕಿ ನಾನ.”

ಆಕೆಗೆ ಎಷ್ಟು ತಿಳಿಯಿತೋ. ಕೈ ತೊಳೆದು, ಕೂಸನ್ನೆತ್ತಿಕೊಂಡು ಬಂದಳು. ಸೂಜಿ ಚುಚ್ಚಿದಾಗ ಕೂಸು ಕ್ಲಿನಿಕ್ ಹಾರಿಹೋಗುವ ಹಾಗೆ ಅತ್ತಿತು.

ಆ್ಯಪ್ ಮರುದಿನ ಸರಿಯಾಯಿತು. ನಾನು ಮಾತ್ರ ವಾಪಸ್ ಹೋಗದೆ ಉಳಿದೆ. ನನ್ನ ಉಳಿದ ನಿಯಮಗಳನ್ನೆಲ್ಲ ಒಂದೊಂದಾಗಿ ನರ್ಸ್‌ಗೆ ಓದಿಹೇಳಿದೆ. ಕರೆತಂದವರ ಫೋನ್ ನಂಬರ್ ಖಾಲಿ ಇರಲಾರದು ಎಂಬಲ್ಲಿಗೆ ಬಂದಾಗ ಅವರು ನಕ್ಕು ಬೆಂಚಿನ ಕಡೆ ಕೈ ತೋರಿಸಿದರು. ಅಲ್ಲಿ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. “ಹೋಗಿ ಕೇಳಿ, ಫೋನ್ ಇದೆಯಾ ಅಂತ.”

ಎದ್ದು ಹೋಗಿ ಕೇಳಿದೆ. ಇರಲಿಲ್ಲ.