ಜೇಬಿನಲ್ಲಿ ಉಳಿದ ಸ್ಕ್ಯಾನ್ ಚೀಟಿ

ನಮ್ಮ ಮಕ್ಕಳಾಸ್ಪತ್ರೆಯ ಸ್ಕ್ಯಾನ್ ಕೋಣೆಯವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವಾರ್ಡಿನ ನರ್ಸುಗಳಾದ ನಾವು ಅವಳಿಗಿಟ್ಟ ಹೆಸರು ಸಿಡುಕಿ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯಿಲ್ಲದ ಕೋಣೆ, ಅದೇ ಕುಂಟು ಸ್ಟೂಲು, ಅದೇ ಹರಿತವಾದ ನಾಲಿಗೆ. ಚೀಟಿಯಲ್ಲಿ ಮಗುವಿನ ವಯಸ್ಸು ಬರೆಯಲು ಮರೆತರೆ ಸಾಕು, ತಾಯಂದಿರ ಎದುರೇ ನಮ್ಮ ನೀರಿಳಿಸುತ್ತಾಳೆ. ಅವಳಿಗೊಂದು ಚಾಳಿಯಿದೆ. ಕತ್ತಿನಲ್ಲಿ ಗಂಟಿರುವ ಮಗು ಬಂದರೆ ಗಂಟನ್ನು ಮೊದಲು ನೋಡುವುದೇ ಇಲ್ಲ. ಅದರ ಕೆಳಗೆ, ಥೈರಾಯ್ಡ್ ಇರಬೇಕಾದ ಜಾಗದಲ್ಲಿ ತಡಕಾಡುತ್ತಾ ಕೂರುತ್ತಾಳೆ. "ಗಂಟೇನು ಓಡಿಹೋಗಲ್ಲ, ತಾಳ್ರೀ" ಎಂದು ಗದರುತ್ತಾಳೆ.

ಆ ಸೋಮವಾರ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಆಪರೇಷನ್. ಕತ್ತಿನ ನಡುವೆ ಗೋಲಿಯಷ್ಟು ಗಂಟು, ನಾಲಿಗೆ ಚಾಚಿದರೆ ಮೇಲೇರುತ್ತಿತ್ತು. ಹುಟ್ಟಿನಿಂದ ಬಂದ ನೀರುಗುಳ್ಳೆ ಎಂದು ಸರ್ಜನ್ ಹೇಳಿದ್ದರು. ಆದರೂ ಸ್ಕ್ಯಾನ್ ಆಗಲಿ ಎಂದಿದ್ದರು. ಚೀಟಿ ತುಂಬುವುದು ನನ್ನ ಕೆಲಸ. ಅರ್ಧ ತುಂಬಿ, ಮಡಚಿ ಜೇಬಿಗೆ ಹಾಕಿದೆ. ಆ ಗಂಟುಮೋರೆ ನೋಡಲು ನನಗೆ ಮನಸ್ಸಾಗಲಿಲ್ಲ. ಗೋಡೆಯ ಮೇಲಿನ ಆಪರೇಷನ್ ಪಟ್ಟಿಯಲ್ಲಿ ಸ್ಕ್ಯಾನ್ ಆಗಿದೆಯೆಂದು ಗುರುತನ್ನೂ ಹಾಕಿಬಿಟ್ಟೆ.

ಮಗುವನ್ನು ಥಿಯೇಟರಿನ ಬಾಗಿಲಿಗೆ ತಂದಾಗ ಹಿಂದೆ ಗಾಲಿ ಕಿರುಗುಟ್ಟಿತು. ಸಿಡುಕಿ ತನ್ನ ಯಂತ್ರವನ್ನೇ ತಳ್ಳಿಕೊಂಡು ಬಂದಿದ್ದಳು.

"ಗೋಡೆ ಮೇಲಿನ ಪಟ್ಟಿ ನೋಡ್ದೆ. ಈ ಕತ್ತು ನನ್ನ ಕೈಗೆ ಬಂದೇ ಇಲ್ಲ."

"ಗುರುತು ಇದೆಯಲ್ರೀ" ಎಂದು ಸರ್ಜನ್ ರೇಗಿದರು.

"ಗುರುತು ನನ್ನದಲ್ಲ ಸಾರ್."

ನಾನು ಜೇಬಿನ ಚೀಟಿಯನ್ನು ಇನ್ನಷ್ಟು ಒಳಕ್ಕೆ ತುರುಕಿದೆ.

"ಮಗು ಬೆಳಗ್ಗೆಯಿಂದ ಏನೂ ತಿಂದಿಲ್ಲ. ನಿಮಗೇನು ಕರುಳಿಲ್ವಾ?" ತಾಯಿ ಕೂಗಾಡಿದಳು.

"ಬೈಯೋದು ಆಮೇಲೆ ಬೈಯಿರಿ. ಈಗ ಮಗು ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ."

ಎಂದಿನಂತೆ ಅವಳು ಕೆಳಗಿನಿಂದ ಶುರು ಮಾಡಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕೊನೆಗೆ ಗಂಟಿನ ಮೇಲೆ.

"ಥೈರಾಯ್ಡ್ ಅದರ ಜಾಗದಲ್ಲಿಲ್ಲ ಸಾರ್. ಇದು ನೀರುಗುಳ್ಳೆಯೂ ಅಲ್ಲ. ಈ ಗಂಟೇ ಇವಳ ಥೈರಾಯ್ಡ್. ಇರೋದು ಇದೊಂದೇ. ಇದನ್ನ ಕಿತ್ರೆ, ಬೆಳೆಯೋಕೆ ಬೇಕಾದ ಹಾರ್ಮೋನು ಕೊಡೋಕೆ ಮೈಯಲ್ಲಿ ಏನೂ ಉಳಿಯಲ್ಲ. ಜೀವಮಾನವಿಡೀ ಮಾತ್ರೆನೇ ಗತಿ."

ಸರ್ಜನ್ ಪರದೆಯನ್ನೇ ನೋಡುತ್ತಾ ನಿಂತು, ಆಮೇಲೆ ಮುಖಗವಸು ಕಳಚಿದರು. ಸಿಡುಕಿಯ ಮೇಲಿನ ಸಿಟ್ಟಿಗೆ ನಾನು ಒಂದು ಮಗುವಿನ ಕತ್ತನ್ನೇ ಕತ್ತರಿಗೆ ಒಡ್ಡಿದ್ದೆ.

ಕಾರಿಡಾರಿನಲ್ಲಿ ಸಿಡುಕಿ ನನ್ನೆದುರು ಕೈ ಚಾಚಿದಳು. ಜೇಬಿನಿಂದ ಚೀಟಿ ತೆಗೆದುಕೊಟ್ಟೆ. ಅವಳು ಅದನ್ನು ಬಿಡಿಸಿ, ಓದಿ, ನನಗೇ ವಾಪಸು ಕೊಟ್ಟಳು.

"ವಯಸ್ಸು ಬರ್ದಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅಂದು ಮಾತ್ರ ಅವಳು ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಗೆ ಚೀಟಿಯೊತ್ತಿ, ನಾಲ್ಕು ಎಂದು ಬರೆದೆ.