ಮೀನಿನ ಪಾಲಿನ ಉಪ್ಪು

ಬರವಣಿಗೆಯ ಅಭ್ಯಾಸ ನನಗಿಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲಾದ್ದರಿಂದ, ಒಂದು ವಾಕ್ಯ ಬರೆದ ಮೇಲೆ ಅದು ಸರಿಯಾಗಿದೆಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಹೇಳುವುದರಲ್ಲಿ ಹಿಂದುಮುಂದಾದರೆ, ಹೇಳಬೇಕಾದದ್ದು ಬಿಟ್ಟುಹೋಗಿ ಬೇಡದ್ದು ಸೇರಿಕೊಂಡರೆ, ಓದುವ ತಾವು ದೊಡ್ಡ ಮನಸ್ಸಿನಿಂದ ಸಹಿಸಿಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಈ ದಿನ ಬೆಳಿಗ್ಗೆ ನಡುಮನೆಯಲ್ಲಿರುವ ಮೀನಿನ ತೊಟ್ಟಿಯನ್ನು ಒರೆಸುತ್ತಿದ್ದೆ. ಗಾಜಿನ ಮೇಲಂಚಿನಲ್ಲಿ, ನೀರು ಆರಿದ ಕಡೆ, ಬಿಳಿಯ ಗೆರೆಯೊಂದು ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ನಾಲಿಗೆಗೆ ಹಚ್ಚಿದೆ. ವಿಜ್ಞಾನ ಓದಿದವಳು ಮೀನಿನ ತೊಟ್ಟಿಯ ಅಂಚಿನ ರುಚಿ ನೋಡಿದಳೆಂದು ತಿಳಿದರೆ ನಮ್ಮ ಕಾಲೇಜಿನಲ್ಲಿ ನಗುತ್ತಾರೆ. ಮೊದಲು ಉಪ್ಪು, ಅದರ ಬೆನ್ನಿಗೇ ಕೆಸರಿನ ವಾಸನೆ, ಅದರ ಬೆನ್ನಿಗೆ ಅಪ್ಪ.

ಅಪ್ಪ ಶಿವನಿಯ ರೈಲು ನಿಲ್ದಾಣದ ರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ತಾವು ಹಳೆಯ ಕಾಲದ ದಿನಸಿ ಅಂಗಡಿಗಳನ್ನು ಕಂಡವರಾದರೆ ಒಂದು ಸಂಗತಿ ನೆನಪಿರಬಹುದು. ಸಂಜೆ ಬಾಗಿಲು ಹಾಕುವಾಗ ಅಕ್ಕಿ, ಬೇಳೆ, ಬೆಲ್ಲ ಎಲ್ಲವೂ ಒಳಗೆ ಹೋಗುತ್ತಿದ್ದವು. ಉಪ್ಪಿನ ಮೂಟೆಯೊಂದು ಮಾತ್ರ ಜಗಲಿಯ ಮೇಲೆ, ತಲೆಗೊಂದು ತಗಡು ಹೊದ್ದು, ಹೊರಗೇ ಉಳಿಯುತ್ತಿತ್ತು. ಬೀಗವಿಲ್ಲ, ಕಾವಲಿಲ್ಲ. ಚಿಕ್ಕವಳಿದ್ದಾಗ ನನಗೆ ಅದೇ ಚಿಂತೆ. ಯಾರಾದರೂ ಒಯ್ದರೆ ಏನು ಗತಿ ಎಂದು ಕೇಳಿದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ ಮಾತು.

“ಉಪ್ಪು ಕದ್ದೋನು ಇನ್ನೂ ಹುಟ್ಟಿಲ್ಲ ಕಣವ್ವಾ. ಬೇಕಾದೋರು ಕೇಳ್ತಾರೆ. ಕೇಳಿದ್ರೆ ಇಲ್ಲ ಅನ್ನೋನೂ ಹುಟ್ಟಿಲ್ಲ.”

ಮೀನಿನ ವಿಷಯಕ್ಕೆ ಬರುತ್ತೇನೆ. ನಾನು ಕಡೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯ ಸಹಾಯಕಿ. ಅಲ್ಲಿ ಕುಂದಾಪುರದ ಕಡೆಯ ಉಪನ್ಯಾಸಕಿಯೊಬ್ಬರು ತಮ್ಮೂರಿನ ಅಳಿವೆಯಿಂದ, ಅಂದರೆ ಹೊಳೆ ಸಮುದ್ರಕ್ಕೆ ಸೇರುವ ಜಾಗದಿಂದ, ಒಂದು ಮೀನನ್ನು ತಂದಿದ್ದರು. ವರ್ಗವಾಗಿ ಹೋಗುವಾಗ ಅದನ್ನು ತೊಟ್ಟಿಯ ಸಮೇತ ನನಗೆ ಒಪ್ಪಿಸಿದರು. ಬೂದು ಮೈ, ಅದರ ಮೇಲೆ ಮಸಿ ಚೆಲ್ಲಿದಂಥ ಚುಕ್ಕೆಗಳು, ನೆತ್ತಿಯ ಮೇಲೆ ಬೇರೆ ಬೇರೆ ಕಡೆಗೆ ತಿರುಗುವ ಎರಡು ಕಣ್ಣು. ಗೋಬಿ ಜಾತಿಯದೆಂದು ನಾನು ಹೇಳಿದಾಗ ಅಮ್ಮ, “ಅದು ಹೂಕೋಸಲ್ವೇನೇ?” ಎಂದು ಕೇಳಿ ನನ್ನ ವಿದ್ಯೆಯನ್ನು ಇದ್ದ ಜಾಗದಲ್ಲೇ ಕೂರಿಸಿದರು.

ಈ ಮೀನು ಬೇರೆ ಮೀನುಗಳಂತೆ ಈಜಾಡುವುದಿಲ್ಲ. ತಳದಲ್ಲಿ ಕೂರುತ್ತದೆ, ಬೇಕೆನಿಸಿದರೆ ಕುಪ್ಪಳಿಸುತ್ತದೆ, ಹೊಟ್ಟೆಯಡಿಯ ರೆಕ್ಕೆಯನ್ನು ಬಟ್ಟಲಿನಂತೆ ಮಾಡಿಕೊಂಡು ಗಾಜಿಗೆ ಅಂಟಿಕೊಳ್ಳುತ್ತದೆ. ಬರೀ ಸಿಹಿನೀರಿನಲ್ಲಿ ಅದರ ಮೈ ಕೆಡುತ್ತದೆ, ಸಮುದ್ರದಷ್ಟು ಉಪ್ಪೂ ಅದಕ್ಕೆ ಬೇಡ. ಎರಡರ ನಡುವಿನ ನೀರು ಬೇಕು. ಅಪ್ಪ ಅದಕ್ಕೊಂದು ತೆಂಗಿನ ಕರಟ ಬೋರಲು ಹಾಕಿ ಬಾಗಿಲು ಕೊರೆದು ಕೊಟ್ಟರು. ಅದು ಆ ಬಾಗಿಲಲ್ಲಿ ಮುಖವಿಟ್ಟು ಕೂತಿತು. “ನೋಡು, ನನ್ನಂಗೇ ಅಂಗ್ಡಿ ತೆಗ್ದು ಕೂತೈತೆ, ಗಿರಾಕಿ ಮಾತ್ರ ಇಲ್ಲ” ಎಂದರು.

ಲಿಂಗ ಕಟ್ಟಿಕೊಂಡವರ ಮನೆಗೆ ಮೀನು ಬಂದ ಸುದ್ದಿ ಬೀದಿಗೆಲ್ಲ ಹಬ್ಬಿತು. ಸಾರಿನ ವಾಸನೆ ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ಅಪ್ಪ, ಇದು ಸಾಕುವುದಕ್ಕೆ, ಸಾರಿಗಲ್ಲ ಎಂದು ಬೇಸರವಿಲ್ಲದೆ ಹೇಳುತ್ತಿದ್ದರು. ನಿಜವಾದ ತೊಡಕು ಅದರ ಊಟದ್ದು. ನಾವು ಮಂಡಕ್ಕಿ ಹಾಕಿದೆವು, ರೊಟ್ಟಿಯ ಚೂರು ಹಾಕಿದೆವು. ಅದು ಮುಖ ತಿರುಗಿಸಿತು. ಜೀವವಿರುವ ಹುಳುವೇ ಅದಕ್ಕೆ ಬೇಕು. ಅಪ್ಪ ಯೋಚಿಸಿ ಹಿತ್ತಲಿನ ಕಲ್ಲುಬಾನಿಯಲ್ಲಿ ನೀರು ನಿಲ್ಲಿಸಿದರು, ಸೊಳ್ಳೆಯ ಮರಿಗಳಾದವು. ಸೊಳ್ಳೆಯ ವಂಶಕ್ಕೆ ಮರುಗಬೇಕೆಂದು ಯಾವ ಗುರುವೂ ತಮಗೆ ಹೇಳಿಲ್ಲವೆಂದು ಅವರ ವಾದ. ಮೀನಿನ ಊಟದ ಹೊತ್ತಿಗೆ ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆದಿರಬಹುದು. ಅಪ್ಪನ ಕಾಲು ಊದಿಕೊಳ್ಳಲು ಶುರುವಾಯಿತು. ತರೀಕೆರೆಯಲ್ಲಿ ತೋರಿಸಿದೆವು, ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಮೂತ್ರಪಿಂಡಗಳು ಸೋಲುತ್ತಿವೆ, ಉಪ್ಪನ್ನು ಪೂರ್ತಿ ನಿಲ್ಲಿಸಿ ಮಾತ್ರೆ ತೆಗೆದುಕೊಂಡರೆ ಡಯಾಲಿಸಿಸ್ಸನ್ನು ಮುಂದೂಡಬಹುದು, ಇಲ್ಲವಾದರೆ ಬೇರೆ ದಾರಿಯಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಆ ಯಂತ್ರದ ಹೆಸರು ಕೇಳಿದಾಗ ಅಪ್ಪನ ಮುಖದಲ್ಲಿ ಕಂಡ ಭಯವನ್ನು ನಾನು ಅದಕ್ಕೆ ಮೊದಲು ಎಂದೂ ಕಂಡಿರಲಿಲ್ಲ.

ಮನೆಗೆ ಬಂದ ದಿನವೇ ಅಮ್ಮ ಉಪ್ಪಿನ ಜಾಡಿಯನ್ನು ಎತ್ತಿದರು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಲ್ಲವೇ. ಪಕ್ಕದ ಮನೆಯ ಹೊಸ್ತಿಲ ಬಳಿ ಜಾಡಿಯನ್ನು ಇಟ್ಟು, ಕರೆದು, ಹಿಂತಿರುಗಿದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಅದೇ ದಾರಿ ಹಿಡಿದವು. ಅಪ್ಪನಿಗೆ ಮಾತ್ರ ಸಪ್ಪೆ ಬಡಿಸಿ ನಾವು ರುಚಿಯಾಗಿ ಉಣ್ಣುವುದು ಅಮ್ಮನಿಂದ ಆಗದ ಕೆಲಸ. ಮೂವರೂ ಸಪ್ಪೆ ಉಂಡೆವು. ಉಪ್ಪಿಲ್ಲದ ಮುದ್ದೆ ಮತ್ತು ಉಪ್ಪಿಲ್ಲದ ಸಾರು ಗಂಟಲಲ್ಲಿ ಹೇಗೆ ನಿಲ್ಲುತ್ತವೆಂಬುದನ್ನು ನಾನು ವರ್ಣಿಸಲಾರೆ. ಅಪ್ಪ ತಟ್ಟೆ ಬರಿದು ಮಾಡಿ ಏಳುತ್ತಿದ್ದರು. ಅಂಗಡಿಯ ಬಾಗಿಲು ಮುಚ್ಚಿತ್ತು. ದಿನವೆಲ್ಲ ತೊಟ್ಟಿಯ ಎದುರಿನ ಕುರ್ಚಿಯಲ್ಲಿರುತ್ತಿದ್ದರು. ವಾರಕ್ಕೊಮ್ಮೆ ಒಂದಿಷ್ಟು ನೀರು ತೆಗೆದು, ಬಕೆಟ್ಟಿನಲ್ಲಿ ಹೊಸ ನೀರಿಗೆ ಉಪ್ಪು ಕದಡಿ ಹಾಕುವ ಕೆಲಸವನ್ನು ತಾವೇ ವಹಿಸಿಕೊಂಡರು.

ಉಪನ್ಯಾಸಕಿ ಕೊಟ್ಟುಹೋಗಿದ್ದ ಸಮುದ್ರದ ಉಪ್ಪಿನ ಪೊಟ್ಟಣ ಆ ದಿನಗಳಲ್ಲೇ ಮುಗಿಯಿತು. ಅದು ಕಹಿ, ಬಂದ ಹೊಸದರಲ್ಲಿ ಅಪ್ಪ ರುಚಿ ನೋಡಿ ಉಗಿದಿದ್ದರು. ನಾನು ಮತ್ತೆ ಅದನ್ನೇ ತರಿಸಲು ಹೊರಟಾಗ, ಹರಳುಪ್ಪಿನಲ್ಲೂ ಮೀನು ಬದುಕುತ್ತದೆ, ಹರಳುಪ್ಪೇ ತಾ ಎಂದು ಅಪ್ಪ ಹೇಳಿದರು. ಅಂಗಡಿಯ ಮೂಟೆ ಬಿಚ್ಚಲು ಅಮ್ಮ ಒಪ್ಪದ್ದರಿಂದ ಅಜ್ಜಂಪುರದಿಂದ ತಂದು ತಗಡಿನ ಡಬ್ಬಿಯಲ್ಲಿ ತುಂಬಿ ತೊಟ್ಟಿಯ ಪಕ್ಕದಲ್ಲಿಟ್ಟೆ. ಉಪ್ಪಿಲ್ಲದ ಮನೆಗೆ ಮೀನಿನ ಹೆಸರಿನಲ್ಲಿ ಉಪ್ಪು ಬಂತು. ಅಮ್ಮ ಆ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ.

ಊತ ಇಳಿಯಲಿಲ್ಲ, ಏರಿತು. ಶಿವಮೊಗ್ಗದ ಡಾಕ್ಟರು ವರದಿ ನೋಡಿ, ಅಪ್ಪನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, ಪಾಪ ಎಂದು ನೀವು ಉಪ್ಪು ಹಾಕಿ ಕೊಡುತ್ತಿದ್ದೀರಿ, ಇದು ಪ್ರೀತಿಯಲ್ಲ, ವಿಷ ಎಂದರು. ಅಮ್ಮ ಕೊರಳಿನ ಲಿಂಗವನ್ನು ಹಿಡಿದು ಆಣೆ ಮಾಡಿದರು. ಡಾಕ್ಟರಿಗೆ ಅಂಥ ಆಣೆಗಳು ಹೊಸತಲ್ಲವೆಂದು ಕಾಣುತ್ತದೆ. ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ಬದಲಿಸಲು ಕಾಯುತ್ತ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಪ್ಪ ಪಕ್ಕದ ಬೆಂಚಿನಲ್ಲಿ ಕೂತು, ಬರುವ ಬಸ್ಸುಗಳ ಹಲಗೆಗಳನ್ನು ಒಂದೊಂದಾಗಿ ಓದುತ್ತಿದ್ದರು.

ಅದೇ ವಾರ ಮೀನಿನ ಮೈಮೇಲೆ ಹತ್ತಿಯ ಎಳೆಯಂಥ ಬಿಳಿ ಮಚ್ಚೆಗಳು ಕಂಡವು. ಅದು ಕರಟದಿಂದ ಹೊರಗೆ ಬರಲಿಲ್ಲ, ಊಟ ಮುಟ್ಟಲಿಲ್ಲ. ಸಿಹಿನೀರಿನಲ್ಲಿಟ್ಟರೆ ಹೀಗಾಗುತ್ತದೆಂದು ಉಪನ್ಯಾಸಕಿ ಹೇಳಿದ್ದು ನೆನಪಾಯಿತು. ಪ್ರಯೋಗಾಲಯದಿಂದ ಉಪ್ಪಿನಂಶ ಅಳೆಯುವ ಗಾಜಿನ ಮಾಪಕವನ್ನು ಕೇಳಿ ತಂದು ತೊಟ್ಟಿಗೆ ಇಳಿಬಿಟ್ಟೆ. ಉಪ್ಪಿದ್ದರೆ ಅದು ತೇಲಬೇಕು. ಬಾವಿಯ ನೀರಿನಲ್ಲಿ ಮುಳುಗುವಂತೆ ಮುಳುಗಿತು. ಡಬ್ಬಿಯನ್ನು ತೆರೆದೆ. ತಳ ಕಾಣುತ್ತಿತ್ತು. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಇಷ್ಟು ತಿಳಿಯಲು ಪದವಿ ಬೇಕಿಲ್ಲ. ನಾನು ಮಾಪಕವನ್ನು ಹಿಡಿದುಕೊಂಡೇ ಅಪ್ಪನ ಕಡೆ ನೋಡಿದೆ. ಅವರೇ ಹೇಳಿದರು.

“ಪೂರ್ತಿ ಕದ್ದಿಲ್ಲ ಕಣವ್ವಾ. ಅದ್ಕೂ ಒಂದೀಟು ಹಾಕಿದೀನಿ. ಮೂಕ ಪ್ರಾಣಿ, ಕೇಳಾಕಾಗಲ್ಲ ಅಂತ ಅದ್ರ ಪಾಲ್ನಾಗೇ ಕೈ ಇಟ್ಬಿಟ್ಟೆ.”

ಅಮ್ಮ ಅಡುಗೆಮನೆಯ ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ ತಿಳಿಯದು. ಬೈಯುತ್ತಾರೆಂದು ಕಾದೆ. ಅವರ ದನಿ ಏರಲಿಲ್ಲ.

“ಕೇಳಿದ್ರೆ ನಾನೇ ಒಂದ್ ಹರಳು ಇಕ್ತಿದ್ನಲ್ರೀ. ಇದ್ದ ಮನೇಲಿ ಕದ್ದು ತಿನ್ನೋ ಗತಿ ತಂದ್ನಾ ನಾನು?”

ಮಧ್ಯಾಹ್ನದ ಊಟಕ್ಕೆ ಅಮ್ಮ ಅಪ್ಪನ ತಟ್ಟೆಯ ಅಂಚಿನಲ್ಲಿ ನಾಲ್ಕಾರು ಹರಳುಪ್ಪು ಇಟ್ಟರು. ಅಪ್ಪ ತಟ್ಟೆಯನ್ನು ನೋಡುತ್ತ ಕೂತರು. ಆಮೇಲೆ ಹರಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದು, ಊದಿದ ಕಾಲುಗಳಲ್ಲಿ ತೊಟ್ಟಿಯವರೆಗೆ ನಡೆದು, ನೀರಿಗೆ ಬಿಟ್ಟರು. ಅದರ ಪಾಲು ಬಾಕಿಯಿದೆ ಎಂದಷ್ಟೇ ಹೇಳಿದರು. ಹಿಂತಿರುಗಿ ಬಂದು ಸಪ್ಪೆ ಮುದ್ದೆ ಮುರಿದರು.

ಮೀನು ಚೇತರಿಸಿಕೊಂಡಿತು. ಅಪ್ಪ ಚೇತರಿಸಿಕೊಳ್ಳಲಿಲ್ಲ. ಆ ಉಪ್ಪೇ ಕಾರಣವೋ, ಅದಿಲ್ಲದಿದ್ದರೂ ಹೀಗೇ ಆಗುತ್ತಿತ್ತೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅಪ್ಪ ತಾವು ಹೆದರಿದ್ದ ಯಂತ್ರದ ಪಕ್ಕದಲ್ಲೇ ಮಲಗಬೇಕಾಯಿತು. ಬೇಸಿಗೆ ಮುಗಿಯುವ ಮೊದಲೇ ಹೋದರು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಸಮಾಧಿ ಮಾಡುತ್ತಾರೆ. ತೋಟದಲ್ಲಿ ಗುಂಡಿ ತೆಗೆದ ಮೇಲೆ ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು, ವಿಭೂತಿ ಬಂತು, ಉಪ್ಪೆಲ್ಲಿ ಎಂದು ಕೇಳಿದರು. ಸಮಾಧಿಗೆ ಉಪ್ಪು ತುಂಬುವುದು ನನಗೆ ತಿಳಿಯದ ಪದ್ಧತಿಯೇನಲ್ಲ. ಆದರೂ ತರಿಸಿಡಬೇಕೆಂಬುದು ನನಗೆ ಹೊಳೆದಿರಲಿಲ್ಲ. ಯಾರೋ ಹೋಗಿ ನಮ್ಮ ಅಂಗಡಿಯ ಜಗಲಿಯ ಮೇಲೆ, ತಗಡಿನ ಕೆಳಗೆ, ಅಷ್ಟು ತಿಂಗಳಿಂದ ಹಾಗೇ ಇದ್ದ ಮೂಟೆಯನ್ನು ಹೊತ್ತು ತಂದರು. ಅದರಿಂದ ಯಾರೂ ಒಂದು ಹಿಡಿಯನ್ನೂ ಒಯ್ದಿರಲಿಲ್ಲ. ಅಪ್ಪನ ಮಂಡಿ ಮುಚ್ಚಿತು, ಎದೆ ಮುಚ್ಚಿತು. ಅಮ್ಮ ಮನೆಯಿಂದ ಬರುವಾಗ ಸೆರಗಿನೊಳಗೆ ಮೀನಿನ ಡಬ್ಬಿಯನ್ನೂ ತಂದಿದ್ದರು. ಅದನ್ನು ನನ್ನ ಎದುರು ನೆಲದ ಮೇಲಿಟ್ಟು ಹೇಳಿದರು: “ಇದ್ನೂ ಹಾಕು. ಇನ್ನು ಕೇಳೋದು ಬ್ಯಾಡ ಅವ್ರು.”

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಉಪ್ಪು ಮನೆಗೆ ಮರಳಿ ಬಂದಿದೆ, ಆದರೆ ಅಮ್ಮ ಅದನ್ನು ಒಲೆಯ ಮೇಲಿನ ಅಡುಗೆಗೆ ಹಾಕುವುದಿಲ್ಲ. ಬಟ್ಟಲಿನಲ್ಲಿ ಊಟದ ನಡುವೆ ಇಡುತ್ತಾರೆ. ನಾನು ಬೇಕಾದಷ್ಟು ಹಾಕಿಕೊಳ್ಳುತ್ತೇನೆ. ಅವರು ಸಪ್ಪೆಯನ್ನೇ ಉಣ್ಣುತ್ತಾರೆ. ಮೀನಿನ ನೀರಿಗೆ ಉಪ್ಪು ಕದಡುವ ಕೆಲಸ ಈಗ ಅಮ್ಮನದು. ಕಲ್ಲುಬಾನಿಯ ಹುಳುಗಳನ್ನು ಸೋಸಿ ಹಾಕುವುದೂ ಅವರೇ.

ಗಾಜಿನ ಮೇಲಿನ ಬಿಳಿ ಗೆರೆಯನ್ನು ನಾನು ಪ್ರತಿ ವಾರ ಒರೆಸುತ್ತಿದ್ದೆ. ಇಂದು ಅರ್ಧ ಒರೆಸಿ ಬಟ್ಟೆಯನ್ನು ಕೆಳಗಿಟ್ಟೆ. ಉಳಿದದ್ದು ಅಲ್ಲೇ ಇದೆ.