ಕೆಂಪು ಬಾಲದ ಇಲಿ ಮತ್ತು ನಮ್ಮ ನೆಗೆಣ್ಣಿ

ಹೋದ ತಿಂಗಳು ಬೈಲಹೊಂಗಲದಲ್ಲಿ ಮಗಳ ಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದಾಗ ಅಡುಗೆಮನೆಯಿಂದ ಸುಟ್ಟ ಒಣಕೊಬ್ಬರಿಯ ವಾಸನೆ ಬಂತು. ಎದ್ದು ಹೋಗಿ ನೋಡಿದರೆ ಮಗಳು ಕೊಬ್ಬರಿ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತಿರುಗಿಸುತ್ತಿದ್ದಳು. ಕಟ್ಟೆಯ ಮೇಲೆ ಹೊಸ ಇಲಿಬೋನು ಬಾಯಿ ತೆರೆದುಕೊಂಡು ಕೂತಿತ್ತು.

"ದೊಡ್ಡವ್ವ ಹಿಂಗ ಸುಡತಿದ್ಲಲ್ಲವ್ವಾ? ಕರ್ರಗ ಆಗೂತನಾ?" ಎಂದು ಕೇಳಿದಳು.

ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಗಳು ದೊಡ್ಡವ್ವ ಎಂದದ್ದು ನನ್ನ ನೆಗೆಣ್ಣಿಯನ್ನು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯನ್ನು. ಹೋದ ಶ್ರಾವಣದಲ್ಲಿ ತೀರಿಕೊಂಡಳು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಪ್ರಯತ್ನ ಮಾಡುತ್ತೇನೆ, ಮಾತು ಮಾತ್ರ ಕೊಡಲಾರೆ.

ನನ್ನ ತವರು ನೇಸರಗಿ. ಅಲ್ಲಿ ಇಲಿ ಕಂಡರೆ ಅಪ್ಪ ಕಾಳಿನ ಕೋಣೆಯಲ್ಲಿ ಪಾಷಾಣ ಇಡುತ್ತಿದ್ದ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೊಟ್ಟದ್ದು ರಾಮದುರ್ಗದ ನೇಕಾರರ ಮನೆಗೆ. ಬಂದ ಹೊಸದರಲ್ಲಿ ಮಗ್ಗದ ಬುಡದಲ್ಲಿ ಇಲಿಯೊಂದು ಓಡಿತೆಂದು ಕಸಬರಿಗೆ ಎತ್ತಿದ್ದೆ. ಅತ್ತೆ ಬಂದು ನನ್ನ ಮುಂಗೈ ಹಿಡಿದುಬಿಟ್ಟಳು. "ಇದು ನೂಲಿನ ಮನಿ ಐತವ್ವಾ. ಇಲಿ ಮ್ಯಾಲೆ ಕೈ ಎತ್ತಬಾರ್ದು. ನಾವು ಅದನ್ನ ಕಾದ್ರ ಅದು ನಮ್ಮ ಮಗ್ಗಾ ಕಾಯ್ತತಿ."

ಕಾಯುವ ಚಂದ ನನಗೆ ಮುಂದೆ ಗೊತ್ತಾಯಿತು ಬಿಡಿ. ಆದರೆ ಮನೆಯ ರೀತಿ ಎಂದರೆ ರೀತಿ. ಗಣೇಶ ಚೌತಿಯ ಮರುದಿನ ಇಲಿವಾರ. ಆ ದಿನ ನಮ್ಮಲ್ಲಿ ಮಗ್ಗ ನಡೆಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ, ಇಲಿಗೆ ಕಡಬಿನ ಎಡೆ ಇಡುತ್ತಾರೆ. ಉಳಿದ ದಿನಗಳಲ್ಲಿ ಕಾಟ ಹೆಚ್ಚಾದರೆ ಬೋನು ಇಟ್ಟು ಜೀವಂತ ಹಿಡಿಯಬೇಕು, ಮಲಪ್ರಭೆಯ ಸೇತುವೆ ದಾಟಿ ಆಚೆ ದಂಡೆಯಲ್ಲಿ ಬಿಟ್ಟು ಬರಬೇಕು. ಹೊಳೆ ದಾಟಿಸಿದ ಇಲಿ ತಿರುಗಿ ಬರುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು.

ಹಿರಿಯ ಸೊಸೆಯೆಂದು ಈ ಕೆಲಸ ನೆಗೆಣ್ಣಿಗೆ. ಕೊಬ್ಬರಿಯನ್ನು ಹದವಾಗಿ ಸುಡುವುದು, ಕೊಕ್ಕೆಗೆ ಸಿಗಿಸುವುದು, ಬೆಳಿಗ್ಗೆ ಬೋನನ್ನು ಚೀಲದಲ್ಲಿಟ್ಟು ತಲೆಯ ಮೇಲೆ ಸೆರಗು ಹೊದ್ದು ಹೊರಡುವುದು... ದೇವರಿಗೆ ಎಣ್ಣೆ ಹಾಕಲು ಹೊರಟವಳ ಹಾಗೆ ಇರುತ್ತಿತ್ತು ಆಕೆಯ ನಡಿಗೆ. ಓಣಿಯ ಹೆಂಗಸರು ಎಷ್ಟು ಕರುಣೆಯ ಹೆಂಗಸು ಎಂದು ಹೊಗಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ಇಲಿಗೆ ಇಷ್ಟು ಕರುಣೆ ತೋರುವವಳು ನಾನು ರೊಟ್ಟಿ ಬಡಿಯುವಾಗ ಅಂಚು ದಪ್ಪವಾಯಿತೆಂದು ನಾಲ್ಕು ಜನರೆದುರು ಆಡಿ ತೋರಿಸುತ್ತಿದ್ದಳು.

ಅತ್ತೆ ಬದುಕಿರುವಾಗಲೇ ಮನೆ ಪಾಲಾಯಿತು. ಎರಡು ಪವರ್‌ಲೂಮು ನಮಗೆ, ಹಳೆಯ ಕೈಮಗ್ಗ ಅವರಿಗೆ. ನಿಜ ಹೇಳಬೇಕೆಂದರೆ ದುಡಿದು ಹಾಕುವ ಮಗ್ಗ ನಮಗೇ ಬಂದಿತ್ತು. ಆದರೂ ಬೋನು ನಮಗಿರಲಿ ಎಂದು ನಾನು ಬಾಯಿಬಿಟ್ಟು ಕೇಳಿದೆ. "ಅತ್ತಿ ನನ್ನ ಕೈಯಾಗ ಕೊಟ್ಟದ್ದದು. ನೀ ಬೇಕಾದ್ರ ಕಸಬರಿಗಿ ಇಟ್ಕೋ, ನಿನಗ ಅದರ ಹಿಡಿತ ಚಲೋ ಐತಿ" ಎಂದಳು ನೆಗೆಣ್ಣಿ. ಪಂಚರು ನಕ್ಕರು. ನನ್ನ ಗಂಡನೂ ನಕ್ಕ. ಅಂದಿನಿಂದ ನಾನು ಆಕೆಯೊಂದಿಗೆ ಮಾತು ಬಿಟ್ಟೆ.

ಪಡಸಾಲೆಯ ನಡುವೆ ಗೋಡೆ ಎದ್ದಿತು. ಅದನ್ನು ತೊಲೆಗೆ ಮುಟ್ಟಿಸಬೇಡಿ ಎಂದು ಅತ್ತೆ ಹಟ ಹಿಡಿದಳು. ಪೂಜೆ ಮಾಡಿ ಏರಿಸಿದ ತೊಲೆ, ಅದೊಂದಾದರೂ ಇಬ್ಬರಿಗೂ ಒಂದೇ ಇರಲಿ ಎಂದಳು. ಹಾಗಾಗಿ ಗೋಡೆಯ ಮೇಲೆ ಒಂದು ಗೇಣು ಸಂದಿ ಉಳಿಯಿತು. ಆ ಸಂದಿಯಿಂದ ಅವರ ಒಗ್ಗರಣೆ ನಮಗೆ ಬರುತ್ತಿತ್ತು, ನಮ್ಮ ಜಗಳ ಅವರಿಗೆ ಹೋಗುತ್ತಿತ್ತು.

ಮೂರು ವರ್ಷ ಹೀಗೇ ಕಳೆಯಿತು. ನಡುವೆ ಅತ್ತೆ ತೀರಿಕೊಂಡಳು. ಮಗಳಿಗೆ ಬೈಲಹೊಂಗಲದ ಸಂಬಂಧ ಗೊತ್ತಾಗಿ, ದೀಪಾವಳಿ ಆದ ಮೇಲೆ ಮದುವೆ ಎಂದು ಮಾತಾಯಿತು. ಅದೇ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಇಲಿಗಳ ಜಾತ್ರೆ ನೆರೆಯಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಲೂಮಿಗೆ ಉದ್ದಕ್ಕೆ ಬಿಗಿದಿದ್ದ ಹೊಸ ಹಾಸಿನ ಎಳೆಗಳನ್ನು ಅಂಗೈ ಅಗಲ ಕತ್ತರಿಸಿ ಹಾಕಿದ್ದವು. ಗಂಜಿ ಹಚ್ಚಿದ ನೂಲೆಂದರೆ ಇಲಿಗೆ ಬಲು ಪ್ರೀತಿ. ನಾನೂ ನನ್ನ ಗಂಡನೂ ಎರಡು ದಿನ ಕೂತು ಒಂದೊಂದೇ ಎಳೆ ಹುಡುಕಿ ಗಂಟು ಹಾಕಿದೆವು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಗೋಡೆಯಾಚೆ ಕೈಮಗ್ಗ ಮಾತ್ರ ಟಕಟಕ ಎಂದು ಹಾಯಾಗಿ ನಡೆದಿತ್ತು.

ನನ್ನ ತಲೆಯಲ್ಲಿ ಹುಳ ಹೊಕ್ಕದ್ದು ಆಗಲೇ. ಆಕೆಯ ಮಗ್ಗಕ್ಕೆ ಏನೂ ಆಗಿಲ್ಲ, ನಮ್ಮದಕ್ಕೆ ಮಾತ್ರ ಹೇಗೆ? ಹಿಡಿದ ಇಲಿಯನ್ನು ಹೊಳೆಗೆ ಒಯ್ಯುವ ಹಾಗೆ ನಾಟಕ ಮಾಡಿ ನಮ್ಮ ಹಿತ್ತಲಿಗೆ ಬಿಡುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡೆ. ಮಾತು ಬಿಟ್ಟವರಲ್ಲವೇ, ಅಂಗಳದಲ್ಲಿ ನಿಂತು ತುಳಸಿಗೆ ಹೇಳಿದೆ: "ಕೆಲವ್ರು ಪುಣ್ಯಾ ತಾವು ಇಟ್ಕೊಂಡು ಇಲಿ ಬಾಜೂ ಮನಿಗೆ ಕಳಸ್ತಾರ ನೋಡವ್ವಾ."

ಆಕೆ ತನ್ನ ಅಂಗಳದಲ್ಲಿ ಕೊಡಕ್ಕೆ ಹೇಳಿದಳು: "ಇಲಿಗೆ ಗ್ವಾಡಿ ಎಲ್ಲಿ ಗೊತ್ತಾಗಬೇಕ. ಮನಶ್ಯಾರಿಗೆ ಗೊತ್ತಾಗೂದ ಸಾಕಾಗೈತಿ."

ಅದನ್ನು ಕೇಳಿ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಸಿಟ್ಟು ಬಂತು. ಪೇಟೆಗೆ ಹೋಗಿ ನನ್ನದೇ ಒಂದು ಬೋನು ತಂದೆ. ಮೊದಲ ದಿನವೇ ಒಂದು ಕೊಬ್ಬಿದ ಇಲಿ ಬಿದ್ದಿತು. ಅದರ ಬಾಲ ತಂತಿಯ ಸಂದಿಯಿಂದ ಹೊರಗೆ ಚಾಚಿತ್ತು. ಮಗಳ ಉಗುರುಬಣ್ಣದ ಶೀಸೆ ತಂದು ಬಾಲದ ತುದಿಗೆ ಕೆಂಪಗೆ ಬಳಿದೆ. ಸ್ಟೂಲು ಹತ್ತಿ, ಬೋನಿನ ಬಾಯನ್ನು ಗೋಡೆಯ ಮೇಲಿನ ಸಂದಿಗೆ ಹಿಡಿದು, ಅವರ ಕಡೆಗೆ ನೂಕಿದೆ. ಇದು ಮತ್ತೆ ನಮ್ಮ ಮನೆಯಲ್ಲಿ ಕಂಡರೆ ಕಳಿಸಿದ್ದು ಆಕೆಯೇ ಎಂಬುದು ನನ್ನ ಪರೀಕ್ಷೆ.

ಮೂರನೆಯ ದಿನ ಕೆಂಪು ಬಾಲ ನನ್ನ ಬೋನಿನಲ್ಲಿತ್ತು.

ಕಳ್ಳಿ ಸಿಕ್ಕಿಬಿದ್ದಳು ಎಂದು ನಾನು ಕುಣಿದದ್ದೊಂದು ಬಾಕಿ. ಗಂಡನಿಗೆ ತೋರಿಸಿದರೆ, "ನಿನಗ ಬ್ಯಾರೆ ಕೆಲಸಿಲ್ಲೇನ" ಎಂದು ಎದ್ದು ಹೋದ. ಹೋಗಲಿ ಬಿಡು ಎನ್ನುವ ಜಾಯಮಾನ ನನ್ನದಲ್ಲ. ಅದನ್ನೂ ಬಿಡಲಿಲ್ಲ, ಆಮೇಲೆ ಬಿದ್ದ ಎರಡನ್ನೂ ಬಿಡಲಿಲ್ಲ. ಮೂರನ್ನೂ ತೂತು ಹೊಡೆದ ಎಣ್ಣೆ ಡಬ್ಬಿಯಲ್ಲಿ ಹಾಕಿಟ್ಟುಕೊಂಡೆ. ಯಾವಾಗ ಕಳಿಸಬೇಕು ಎನ್ನುವುದನ್ನೂ ಲೆಕ್ಕ ಹಾಕಿದ್ದೆ.

ಇಲಿವಾರದ ದಿನ. ಅಂದು ಕೈಮಗ್ಗಕ್ಕೆ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ, ಮರುದಿನದವರೆಗೆ ಯಾರೂ ಅತ್ತ ಸುಳಿಯುವುದಿಲ್ಲ. ಬೆಳಿಗ್ಗೆ ನಾನೇ ಇಲಿಗೆ ಕಡಬಿನ ಎಡೆ ಇಟ್ಟು ಕೈ ಮುಗಿದೆ. ಡಬ್ಬಿಯಲ್ಲಿದ್ದ ಮೂರಕ್ಕೆ ಮಾತ್ರ ಒಂದು ಅಗುಳೂ ಹಾಕಲಿಲ್ಲ. ಹಸಿದು ಹೋಗಲಿ ಎಂಬ ಉದ್ದೇಶ. ಮಧ್ಯಾಹ್ನ ನೆಗೆಣ್ಣಿಯೂ ಭಾವನೂ ನೆಂಟರ ಮನೆಯ ಊಟಕ್ಕೆ ಹೋದರು. ನಾನು ಸ್ಟೂಲು ಹತ್ತಿದೆ. ಒಂದು, ಎರಡು, ಮೂರು... ಕೆಂಪು ಬಾಲದ್ದು ಕೊನೆಗೆ ಹೋಯಿತು. ಕೆಳಗಿಳಿದು ಎರಡು ಕಡಬು ಹೆಚ್ಚಿಗೆ ತಿಂದೆ. ಅಷ್ಟು ರುಚಿಯಾದ ಕಡಬನ್ನು ನಾನು ಮತ್ತೆ ತಿಂದಿಲ್ಲ, ಸುಳ್ಳೇಕೆ ಹೇಳಲಿ.

ಎರಡು ದಿನ ಬಿಟ್ಟು ನೆಗೆಣ್ಣಿ ಬೋನು ಹಿಡಿದುಕೊಂಡು ಹೊರಟಳು. ಅಂದು ಚೀಲವಿರಲಿಲ್ಲ. ನಮ್ಮ ಬಾಗಿಲಿಗೆ ಬಂದು ನಿಂತಳು. ಬೋನಿನ ಸಂದಿಯಿಂದ ಕೆಂಪು ಬಾಲ ಹೊರಗೆ ಇಳಿದಿತ್ತು. ನನ್ನ ಹಿಂದೆ ಕೂತಿದ್ದ ಮಗಳ ಕೆಂಪು ಉಗುರುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೋನು ಹಿಡಿದೇ ಓಣಿಯತ್ತ ತಿರುಗಿ ನಡೆದಳು.

ಎಲ್ಲಿ ಬಿಡುತ್ತಾಳೆ ನೋಡಿಯೇಬಿಡೋಣ ಎಂದು ನಾನು ಹಿಂದೆಯೇ ಹೋದೆ. ಆಕೆ ಓಣಿ ದಾಟಿದಳು, ಪೇಟೆ ದಾಟಿದಳು, ಸೇತುವೆ ದಾಟಿದಳು. ಆಚೆ ದಂಡೆಯ ಜಾಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೋನಿನ ಬಾಗಿಲು ಎತ್ತಿದಳು. ಇಲಿ ಹೋಯಿತು. ಮೊಣಕಾಲು ಹಿಡಿದುಕೊಂಡು ಎರಡು ಸಲ ಪ್ರಯತ್ನಿಸಿ ಎದ್ದಳು. ಅಷ್ಟು ದೂರ ಯಾವಾಗಲೂ ಹೋಗುತ್ತಿದ್ದಳೆಂದು ಅಂದು ನನಗೆ ಗೊತ್ತಾಯಿತು. ಹಾಗಾದರೆ ಮೊದಲ ಸಲ ಕೆಂಪು ಬಾಲ ನನ್ನ ಬೋನಿಗೆ ತಿರುಗಿ ಬಂದದ್ದು ಹೇಗೆ? ಅದೂ ವಾರದೊಳಗೆ ತಿಳಿಯಿತು. ಅಂಗಾತ ಮಲಗಿದ್ದಾಗ ಮತ್ತೊಂದು ಇಲಿ ಅವರ ಕಡೆಯಿಂದ ತೊಲೆಯ ಮೇಲೆ ನಡೆದು ಸಂದಿ ದಾಟಿ ನಮ್ಮ ಕಡೆ ಬಂತು. ಅದನ್ನು ಯಾರೂ ನೂಕಿರಲಿಲ್ಲ.

ತಪ್ಪು ನನ್ನದೇ ಎಂದು ಗೊತ್ತಾಯಿತು. ಒಪ್ಪಿಕೊಂಡೆನೇ? ಇಲ್ಲ. ಮೂರು ಇಲಿಯಿಂದ ಏನು ಮಹಾ ಆಗಿರುತ್ತದೆ ಎಂದು ಸುಮ್ಮನಾದೆ.

ಏನಾಗಿತ್ತು ಎಂಬುದು ಮದುವೆಯ ಹಿಂದಿನ ದಿನ ತಿಳಿಯಿತು. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಧಾರೆ ಸೀರೆಯನ್ನು ಹಿರಿಯ ಸೊಸೆ ಕೈಮಗ್ಗದಲ್ಲಿ ತಾನೇ ನೇಯ್ದು ಕೊಡಬೇಕು. ಮಾತು ಬಿಟ್ಟ ಮೇಲೆ ಅದೆಲ್ಲ ಮುಗಿಯಿತೆಂದು ನಾನು ಪೇಟೆಯಿಂದ ಬೇರೆ ಸೀರೆ ತಂದಿಟ್ಟಿದ್ದೆ. ನೆಗೆಣ್ಣಿ ತಾಟಿನಲ್ಲಿ ಅರಿಶಿನ ಬಣ್ಣದ ಸೀರೆ ಇಟ್ಟುಕೊಂಡು, ಕುಪ್ಪಸದ ಕಣ, ತೆಂಗಿನಕಾಯಿ ಸಮೇತ ಮುಂಬಾಗಿಲಿನಿಂದ ಬಂದಳು. ಶ್ರಾವಣವಿಡೀ ಗೋಡೆಯಾಚೆ ಟಕಟಕ ಎನ್ನುತ್ತಿದ್ದದ್ದು ಇದು. ನಾನು ಹಸಿದ ಇಲಿಗಳನ್ನು ಕಳಿಸಿದ್ದು ಇದರ ಮೇಲೆ.

ಸೀರೆ ಬಿಚ್ಚಿದರು. ಸೆರಗಿನಿಂದ ಒಡಲಿನವರೆಗೆ ಸಾಲಾಗಿ ಹತ್ತೊಂಬತ್ತು ಕೆಂಪು ಚುಕ್ಕಿ. ಮಗ್ಗದ ಉರುಳೆಗೆ ಸುತ್ತಿದ ಬಟ್ಟೆಯನ್ನು ಇಲಿ ಒಂದೇ ಕಡೆ ಕೊರೆದರೆ ಬಿಚ್ಚಿದಾಗ ಹೀಗೆಯೇ ಸಾಲಾಗಿ ತೂತು ಬೀಳುತ್ತದೆ. ಒಂದೊಂದು ತೂತನ್ನೂ ಆಕೆ ರೇಷ್ಮೆ ದಾರದಿಂದ ಸೂಜಿಯಲ್ಲಿ ತುಂಬಿದ್ದಳು. ಅರಿಶಿನ ದಾರ ಮನೆತುಂಬ ಇತ್ತಲ್ಲ, ಅದರಲ್ಲಿ ತುಂಬಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹುಡುಕಿ ಹುಡುಕಿ ಆ ಉಗುರುಬಣ್ಣದ ಕೆಂಪನ್ನೇ ತಂದಿದ್ದಳು.

"ಏನ ಚಂದ ಬುಟ್ಟಾ! ಹೊಸಾ ಡಿಸೈನೇನ್ರಿ?" ಎಂದು ಬೈಲಹೊಂಗಲದ ಬೀಗಿತಿ ಕೇಳಿದಳು.

ನೆಗೆಣ್ಣಿ ನನ್ನ ಕಡೆ ಕೈ ತೋರಿಸಿದಳು. "ನಮ್ಮ ನೆಗೆಣ್ಣಿನ್ನ ಕೇಳ್ರಿ. ಡಿಸೈನೆಲ್ಲಾ ಅಕಿದ. ನಂದು ಬರೇ ದಾರದ ಕೆಲಸ."

ಇಡೀ ಮನೆ ನನ್ನನ್ನು ಹೊಗಳಿತು. ಮರುದಿನ ಮಂಟಪದಲ್ಲಿಯೂ ಹೊಗಳಿತು. ಮಗಳು ಹತ್ತೊಂಬತ್ತು ಚುಕ್ಕಿ ಹೊತ್ತುಕೊಂಡು ಅಕ್ಷತೆ ಹಾಕಿಸಿಕೊಂಡಳು, ನಾನು ತಲೆ ಎತ್ತದೆ ಓಡಾಡಿದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಾಲ್ಕು ಜನರ ಮುಂದೆ ಹೇಳಿದ್ದರೆ ಇಲ್ಲವೆಂದು ವಾದಿಸುತ್ತಿದ್ದೆ. ಆಕೆ ಎರಡಕ್ಕೂ ಅವಕಾಶ ಕೊಡಲಿಲ್ಲ. ಅದಕ್ಕೇ ಆಕೆಯ ಮೇಲಿನ ಸಿಟ್ಟು ನನಗೆ ಎಂದೂ ಇಳಿಯಲಿಲ್ಲ.

ಆಮೇಲೆ ಹದಿಮೂರು ವರ್ಷ... ಒಂದೇ ತೊಲೆಯ ಕೆಳಗೆ ಇದ್ದೆವು. ಆಕೆ ಕೆಮ್ಮಿದ್ದು ನನಗೆ ಕೇಳುತ್ತಿತ್ತು. ಏನು ಉತ್ತರ ಕೊಟ್ಟರೆ ಆಕೆಗೆ ನಾಟೀತು ಎಂದು ನಾನು ಯೋಚಿಸುತ್ತಲೇ ಇದ್ದೆ. ಒಂದು ಬೆಳಿಗ್ಗೆ ಅತ್ತ ಕಡೆಯಿಂದ ಏನೂ ಕೇಳಲಿಲ್ಲ.

ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಅಂದು ಬೈಲಹೊಂಗಲದಲ್ಲಿ, ಆ ವಾಸನೆಯಲ್ಲಿ, ಮಗಳಿಗೆ ಎಲ್ಲ ಹೇಳಿದೆ. ಆಕೆ ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಒಲೆ ಆರಿಸಿ ಕೂತಳು.

"ನನಗ ಗೊತ್ತಿತ್ತವ್ವಾ. ಸೀರಿ ಉಡಸುಮುಂದ ದೊಡ್ಡವ್ವನ ಹೇಳಿದ್ಲು."

"ಮತ್ತ ಇಷ್ಟ ವರ್ಷ ನನ್ನ ಮುಂದ ಯಾಕ ಬಾಯಿ ಬಿಡಲಿಲ್ಲ ನೀ?"

"ಆಣಿ ಹಾಕಿದ್ಲು. ‘ನಿಮ್ಮವ್ವ ತಾನ ಬಂದು ಹೇಳ್ಲಿ. ಒಂದ ಮಾತು ಬೈದು, ಊಟಾ ಹಾಕಿ ಕಳಸ್ತೇನಿ’ ಅಂದಿದ್ಲು. ಪ್ರತಿ ಇಲಿವಾರ ನಿನ್ನ ಹೆಸರ್ಲೆ ಒಂದ ತಾಟು ಕಡಬು ತಗದು ಇಡತಿದ್ಲು. ಸಂಜಿಕ ಆಕಳಿಗೆ ಹಾಕತಿದ್ಲಂತ."

ಅದನ್ನಾದರೂ ಆಕೆ ತನ್ನ ಕೊಡಕ್ಕೋ ಕಂಬಕ್ಕೋ ಹೇಳಬಹುದಿತ್ತು, ಸಂದಿಯಿಂದ ನನಗೆ ಕೇಳುತ್ತಿತ್ತು. ಹೇಳಲಿಲ್ಲ. ಆಕೆಯ ಹಟ ಆಕೆಗೆ, ನನ್ನದು ನನಗೆ. ಈಗ ಯಾರ ಮೇಲೆ ಸಿಟ್ಟು ಮಾಡಲಿ?

ರಾಮದುರ್ಗಕ್ಕೆ ವಾಪಸು ಬಂದ ದಿನ ಬಾಗಿಲ ಬೀಗ ತೆಗೆಯುವ ಮೊದಲು ನಮ್ಮ ಹೊಸ್ತಿಲಿನಿಂದ ಅವರ ಹೊಸ್ತಿಲವರೆಗೆ ನಡೆದು ನೋಡಿದೆ. ಹನ್ನೊಂದು ಹೆಜ್ಜೆ. ಹದಿಮೂರು ವರ್ಷ ನಾನು ಹೋಗಲಿಲ್ಲ.